ಒಂದೇ ಪೋರ್ಟ್, ಹತ್ತು ಇಂಟರ್‌ಫೇಸ್: ಲಿಂಕ್ ಸ್ಪೀಡನ್ನು ಸರಿಯಾಗಿ ವರದಿ ಮಾಡುವುದು ಹೇಗೆ?

ಹಳೇ ಕರ್ನಲ್ ಇರುವ ಲಿನಕ್ಸ್ ಸರ್ವರ್ ಒಂದರಲ್ಲಿ ವರ್ಚುವಲ್ ಮಶೀನ್ (ವಿಎಂ) ಓಡುತ್ತಿದೆ. ಅದನ್ನು ಸರ್ವರಿನ ನೆಟ್‌ವರ್ಕಿಗೆ ಜೋಡಿಸುವ ಟ್ಯಾಪ್ ಎಂಬ ಸಾಫ್ಟ್‌ವೇರ್ ಇಂಟರ್‌ಫೇಸಿನಲ್ಲಿ 400 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಟ್ರಾಫಿಕ್ ಹರಿಯುತ್ತಿದೆ. ಮಾನಿಟರಿಂಗ್ ಪರದೆ ಮಾತ್ರ ಬಳಕೆ ಶೇ. 4000 ಎಂದು ಕೆಂಪು ದೀಪ ಹಚ್ಚಿಕೊಂಡು ಕೂತಿರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಸಾಫ್ಟ್‌ವೇರ್ ಅದು. ಡ್ರೈವರ್ ತನ್ನ ಸ್ಪೀಡ್ 10 ಎಂಬಿಪಿಎಸ್ ಎಂದಿತು, ಇದು ಭಾಗಿಸಿತು, ಅಷ್ಟೇ. ಅದೇ ಸರ್ವರಿಗೆ ಹೊಸ ಕರ್ನಲ್ ಹಾಕಿ ನೋಡಿ, ಅದೇ ಟ್ರಾಫಿಕ್ ಶೇ. 4 ಆಗಿಬಿಡುತ್ತದೆ. ಟ್ಯಾಪ್ ಡ್ರೈವರಿನೊಳಗೆ ಬರೆದಿಟ್ಟಿದ್ದ 10 ಎಂಬಿಪಿಎಸ್ ಅನ್ನು ಮುಂದೆ 10 ಜಿಬಿಪಿಎಸ್‌ಗೆ ಏರಿಸಿದರು. ಆದರೆ ಈ ಎರಡು ಅಂಕಿಗಳಲ್ಲಿ ಒಂದಕ್ಕೂ ಆ ಸರ್ವರಿನ ಹಿಂದೆ ಚುಚ್ಚಿರುವ ಕೇಬಲ್ಲಿಗೂ ಸಂಬಂಧವಿಲ್ಲ.

ಶೇ. 4000 ಎಂದು ಕೂಗುವ ಗ್ರಾಫ್ ಅಷ್ಟೇನೂ ಅಪಾಯದ್ದಲ್ಲ. ಅದನ್ನು ಯಾರಾದರೂ ಗಮನಿಸಿಯೇ ಗಮನಿಸುತ್ತಾರೆ. ಸುಮ್ಮನಿರುವ ಗ್ರಾಫಿಗೆ ಹೆದರಬೇಕು. ವಿಎಂವೇರ್‌ನ ವಿಎಂಎಕ್ಸ್‌ನೆಟ್3 ಎಂಬ ವರ್ಚುವಲ್ ಕಾರ್ಡ್, ಕೆಳಗೆ 1 ಜಿಬಿಪಿಎಸ್ ಪೋರ್ಟ್ ಇದ್ದರೂ ವಿಎಂಗೆ 10 ಜಿಬಿಪಿಎಸ್ ಎಂದೇ ತೋರಿಸುತ್ತದೆ. ಪೋರ್ಟ್ ಕಂಠಮಟ್ಟ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿರುವಾಗಲೂ ವಿಎಂ ಒಳಗಿನ ಗ್ರಾಫ್ ಶೇ. 10ನ್ನು ದಾಟುವುದಿಲ್ಲ.

ಈ ಗೊಂದಲವನ್ನು ಬಿಡಿಸುವ ಕ್ರಮವನ್ನು ಮುಂದೆ ಹಂತಹಂತವಾಗಿ ಕೊಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್ ಹೋಸ್ಟಿನವು, ಅಂದರೆ ವಿಎಂಗಳನ್ನು ಹೊತ್ತಿರುವ ಸರ್ವರಿನವು. ಆದೇಶಗಳನ್ನೂ ಫೈಲುಗಳ ಹಾದಿಯನ್ನೂ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಎಂದಿನ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಒಂದು ಮಾತು: ಆ ಅಂಕಿ ಯಾವ ಪ್ರಶ್ನೆಗೆ ಉತ್ತರ?

ವರ್ಚುವಲ್ ಇಂಟರ್‌ಫೇಸ್ ತೋರಿಸುವ ಸ್ಪೀಡಿನ ಹಿಂದೆ ಮೂರರಲ್ಲಿ ಒಂದು ಇರುತ್ತದೆ. ಕೆಳಗಿನ ಭೌತಿಕ ಪೋರ್ಟ್ ಸ್ವಿಚ್ಚಿನ ಜೊತೆ ಮಾತಾಡಿ ಒಪ್ಪಿಕೊಂಡ ವೇಗ ಇರಬಹುದು. ಈ ಇಂಟರ್‌ಫೇಸಿಗೆ ಇಷ್ಟೇ ಎಂದು ಯಾರೋ ಹಾಕಿದ ಮಿತಿ ಇರಬಹುದು. ಇಲ್ಲವೇ, ಕೇಳಿದವರಿಗೆ ಏನಾದರೂ ಹೇಳಬೇಕಲ್ಲ ಎಂದು ಡ್ರೈವರ್ ಬರೆದವರು ಇಟ್ಟ ಅಂಕಿ. ಮೂರೂ ಬಂದು ಕೂರುವುದು ಒಂದೇ ಕಾಲಮ್ಮಿನಲ್ಲಿ, ಮೂಲ ತೊಂದರೆ ಇರುವುದು ಅಲ್ಲೇ.

ಹಂತ 1: ಇಂಟರ್‌ಫೇಸ್ ಯಾವ ಬಗೆಯದು?

ಹೋಸ್ಟಿನಲ್ಲಿ "ಐಪಿ ಮೈನಸ್ ಡಿ ಲಿಂಕ್ ಶೋ" ಕೊಟ್ಟರೆ ಇಂಟರ್‌ಫೇಸ್ ವಿಲ್ಯಾನ್, ಮ್ಯಾಕ್‌ವಿಲ್ಯಾನ್, ವೆಥ್, ಟ್ಯಾಪ್, ಬ್ರಿಡ್ಜ್ ಅಥವಾ ಬಾಂಡ್ ಎನ್ನುವುದು ಗೊತ್ತಾಗುತ್ತದೆ. ವಿಲ್ಯಾನ್, ಮ್ಯಾಕ್‌ವಿಲ್ಯಾನ್ ಎಂದರೆ ಒಂದು ಕಾರ್ಡಿನ ಮೇಲೆ ಕಟ್ಟಿದ ಉಪ-ಇಂಟರ್‌ಫೇಸುಗಳು, ವೆಥ್ ಎರಡು ತುದಿಯ ವರ್ಚುವಲ್ ಕೇಬಲ್, ಬ್ರಿಡ್ಜ್ ಸಾಫ್ಟ್‌ವೇರ್ ಸ್ವಿಚ್, ಬಾಂಡ್ ಹಲವು ಕಾರ್ಡುಗಳನ್ನು ಒಂದಾಗಿಸಿದ್ದು. ಯಾವ ಡ್ರೈವರ್ ಎಂದು ತಿಳಿಯಲು "ಎಥ್‌ಟೂಲ್ ಮೈನಸ್ ಐ" ಸಾಕು. ಆಮೇಲೆ ಬರೀ ಎಥ್‌ಟೂಲ್ ಕೊಟ್ಟು ಸ್ಪೀಡ್ ಸಾಲನ್ನು ಓದಿ. ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಎನ್ನುವುದು ಡ್ರೈವರ್ ಮೇಲೆ ನಿಂತಿದೆ.

ವೆಥ್ ಯಾವಾಗ ಕೇಳಿದರೂ 10 ಜಿಬಿಪಿಎಸ್ ಎನ್ನುತ್ತದೆ, ಅದು ಡ್ರೈವರಿನೊಳಗೆ ಬರೆದಿಟ್ಟ ಅಂಕಿ. ಜೊತೆಗೆ ಪೋರ್ಟ್ ಬಗೆ "ಟ್ವಿಸ್ಟೆಡ್ ಪೇರ್" ಎಂದೂ ತೋರಿಸುತ್ತದೆ. ಮೆಮೊರಿಯಿಂದ ಮೆಮೊರಿಗೆ ಪ್ಯಾಕೆಟ್ ದಾಟಿಸುವ ಸಾಫ್ಟ್‌ವೇರಿಗೆ ತಾಮ್ರದ ತಂತಿ! ಟ್ಯಾಪ್ ಕಥೆ ಮೇಲೆಯೇ ಹೇಳಿದ್ದಾಯಿತು. ವಿಎಂ ಒಳಗಿನ ಇ1000 ಅನುಕರಣೆಯ ಕಾರ್ಡ್ 1 ಜಿಬಿಪಿಎಸ್ ಎನ್ನುತ್ತದೆ, ಏಕೆಂದರೆ ಅದು ನಟಿಸುತ್ತಿರುವ ಇಂಟೆಲ್ ಕಾರ್ಡ್ ಅಷ್ಟರದು. ವರ್ಟ್‌ಐಒ-ನೆಟ್ ಎಂಬ ವರ್ಚುವಲ್ ಕಾರ್ಡ್, ಹೋಸ್ಟ್ ಏನೂ ಹೇಳದಿದ್ದರೆ, "ಅನ್‌ನೋನ್" ಎಂದುಬಿಡುತ್ತದೆ. ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಪ್ರಾಮಾಣಿಕ ಅದೇ.

ವಿಲ್ಯಾನ್, ಮ್ಯಾಕ್‌ವಿಲ್ಯಾನ್‌ಗಳು ತಮ್ಮ ಕೆಳಗಿನ ಸಾಧನದ ಸ್ಪೀಡನ್ನೇ ಹಾಗೆಯೇ ದಾಟಿಸುತ್ತವೆ. ಅಂಕಿ ನಿಜವೇ. ಆದರೆ 10 ಜಿಬಿಪಿಎಸ್ ಪೋರ್ಟಿನ ಮೇಲೆ ಐದು ವಿಲ್ಯಾನ್ ಇದ್ದರೆ ಐದೂ ತಮ್ಮದು 10 ಎನ್ನುತ್ತವೆ, ಯಾವುದೋ ಕೆಪ್ಯಾಸಿಟಿ ವರದಿ ಅವನ್ನು ಕೂಡಿಸಿ 50 ಎಂದು ಮ್ಯಾನೇಜರ್ ಮುಂದಿಡುತ್ತದೆ. ಒಂದು ಕಾರ್ಡನ್ನು ಹಾರ್ಡ್‌ವೇರಿನಲ್ಲೇ ಹಲವು ಕಾರ್ಡುಗಳಂತೆ ತೋರಿಸುವ ಎಸ್‌ಆರ್-ಐಒವಿಯಲ್ಲೂ ಇದೇ ಕತೆ. ಒಂದು ಪಿಎಫ್‌ನಿಂದ (ಮೂಲ ಕಾರ್ಡ್) ಕವಲೊಡೆದ ವಿಎಫ್‌ಗಳು (ವರ್ಚುವಲ್ ಕಾರ್ಡುಗಳು) ಸಾಮಾನ್ಯವಾಗಿ ಪೋರ್ಟಿನ ಪೂರ್ತಿ ಸ್ಪೀಡನ್ನೇ ತೋರಿಸುತ್ತವೆ. ಇಂಟೆಲ್ 82599ರಲ್ಲಿ ಒಂದು ಪೋರ್ಟಿಗೆ 63 ವಿಎಫ್‌ಗಳವರೆಗೆ ಮಾಡಬಹುದು, ಕೂಡಿಸಿದರೆ 630 ಜಿಬಿಪಿಎಸ್! ಹಿಂದಿರುವುದು 10 ಜಿಬಿಪಿಎಸ್‌ನ ಒಂದೇ ಪೋರ್ಟ್.

ಇದಕ್ಕೆ ತದ್ವಿರುದ್ಧ ಎಚ್‌ಪಿ ಬ್ಲೇಡ್ ಸರ್ವರುಗಳ ಫ್ಲೆಕ್ಸ್-10. ಅದು 10 ಜಿಬಿಪಿಎಸ್ ಪೋರ್ಟನ್ನು ನಾಲ್ಕು ಫ್ಲೆಕ್ಸ್‌ನಿಕ್‌ಗಳಾಗಿ ಒಡೆದು, ಒಂದೊಂದಕ್ಕೂ 100 ಎಂಬಿಪಿಎಸ್ ಲೆಕ್ಕದಲ್ಲಿ ಪಾಲು ಹಂಚಲು ಬಿಡುತ್ತದೆ. ಆಪರೇಟಿಂಗ್ ಸಿಸ್ಟಮ್ಮಿಗೆ ಕಾಣುವುದು ಆ ಪಾಲೇ. ಹೀಗಾಗಿ ಎರಡು ಸರ್ವರುಗಳಲ್ಲಿ ಒಂದೇ "ಸ್ಪೀಡ್" ಸಾಲು ಒಂದು ಕಡೆ ಪೋರ್ಟಿನ ವೇಗ, ಇನ್ನೊಂದು ಕಡೆ ಮಿತಿ.

ಹಂತ 2: ಕೆಳಗಿರುವ ಪೋರ್ಟ್ ಹುಡುಕಿ

ವಿಎಂ ಒಳಗೆ ಕೂತು ಇದನ್ನು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಹೋಸ್ಟಿಗೇ ಹೋಗಿ.

/ಸಿಸ್/ಕ್ಲಾಸ್/ನೆಟ್ ಎಂಬ ಫೋಲ್ಡರಿನಲ್ಲಿ ಪ್ರತಿ ಇಂಟರ್‌ಫೇಸಿಗೂ ಒಂದು ಫೋಲ್ಡರ್ ಇರುತ್ತದೆ. ವಿಲ್ಯಾನ್, ಬಾಂಡ್, ಬ್ರಿಡ್ಜ್‌ಗಳ ಫೋಲ್ಡರಿನೊಳಗೆ "ಲೋವರ್" ಎಂದು ಶುರುವಾಗುವ ಲಿಂಕ್‌ಗಳಿವೆ, ಅವು ಕೆಳಗಿನ ಸಾಧನಕ್ಕೆ ಕೈ ತೋರಿಸುತ್ತವೆ. ಟ್ಯಾಪ್ ಆಗಿದ್ದರೆ ಮೊದಲು ಅದು ಸೇರಿರುವ ಬ್ರಿಡ್ಜನ್ನು ಹಿಡಿದು, ಆ ಬ್ರಿಡ್ಜಿನ ಲೋವರ್‌ಗಳಲ್ಲಿ ಭೌತಿಕ ಕಾರ್ಡ್ ಯಾವುದು ಎಂದು ನೋಡಬೇಕು. ಹೋಸ್ಟಿನಲ್ಲೇ ಕಾಣುವ ವಿಎಫ್ ಆದರೆ "ಡಿವೈಸ್" ಒಳಗಿನ "ಫಿಸ್‌ಎಫ್‌ಎನ್" ಎಂಬ ಲಿಂಕ್ ನೇರ ಪಿಎಫ್‌ಗೆ ಕರೆದೊಯ್ಯುತ್ತದೆ.

ಕಾರ್ಡಿನ ಫರ್ಮ್‌ವೇರೇ ಒಂದು ಪೋರ್ಟನ್ನು ಹಲವು ಪಿಎಫ್‌ಗಳಾಗಿ ಒಡೆದಿದ್ದರೆ ಕಷ್ಟ. ಎನ್‌ಪಾರ್ ಎಂದು ಕರೆಯುವ ವ್ಯವಸ್ಥೆ ಇದು. ಪಿಸಿಐ ಪಟ್ಟಿಯಲ್ಲಿ ನಾಲ್ಕು ಬೇರೆ ಬೇರೆ ಕಾರ್ಡ್ ಇದ್ದಂತೆಯೇ ಕಾಣುತ್ತದೆ, ಒಂದೇ ಪೋರ್ಟಿನವು ಎಂಬ ಸುಳಿವೇ ಇರುವುದಿಲ್ಲ. ಇಂಥ ಸಂದರ್ಭಕ್ಕೆಂದೇ ಲಿನಕ್ಸಿನಲ್ಲಿ "ಫಿಸ್ ಪೋರ್ಟ್ ಐಡಿ" ಎಂಬ ಫೈಲ್ ಇದೆ. ಡ್ರೈವರ್ ಅದಕ್ಕೆ ಬೆಂಬಲ ಕೊಟ್ಟಿದ್ದರೆ, ಎರಡು ಇಂಟರ್‌ಫೇಸುಗಳಲ್ಲಿ ಆ ಗುರುತು ಒಂದೇ ಇದ್ದಾಗ ಎರಡೂ ಒಂದೇ ಪೋರ್ಟಿನವು ಎಂದರ್ಥ. ಬೆಂಬಲವಿಲ್ಲದಿದ್ದರೆ ಓದುವಾಗಲೇ ದೋಷ ಬರುತ್ತದೆ. ಆಗ ಫರ್ಮ್‌ವೇರ್ ಮೆನುವಿನಲ್ಲಿರುವ ವಿಭಜನೆಯನ್ನು ಕೈಯಾರೆ ನೋಡಿ ಬರೆದಿಟ್ಟುಕೊಳ್ಳಬೇಕು.

ಇಂಟೆಲ್‌ನ ಐ40ಇ ಡ್ರೈವರಿನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಎರಡನೆಯ ಅಥವಾ ನಂತರದ ವಿಭಾಗದಿಂದ ಎಥ್‌ಟೂಲ್ ಬಳಸಿ ಸ್ಪೀಡ್ ಬದಲಿಸಲು ಹೋದರೆ, ಈ ಬದಲಾವಣೆಗೆ ಪೋರ್ಟಿನ ಮೊದಲ ವಿಭಾಗಕ್ಕೆ ಹೋಗಿ ಎಂಬ ಸಂದೇಶ ಕರ್ನಲ್ ಲಾಗಿಗೆ ಬೀಳುತ್ತದೆ. ಯಜಮಾನಿಕೆ ಒಬ್ಬರದೇ, ಉಳಿದವರು ಬಾಡಿಗೆಗೆ ಇದ್ದಂತೆ.

ಹಂತ 3: ಮಿತಿ ಎಲ್ಲಿ ಹಾಕಿದ್ದಾರೆ?

ಮಿತಿ ಹಾಕುವ ಜಾಗಗಳು ಹಲವು, ಒಂದೊಂದರ ಅಳತೆಯೂ ಬೇರೆ. ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು ಇದೇ.

ವಿಎಫ್‌ಗೆ "ಮ್ಯಾಕ್ಸ್ ಟಿಎಕ್ಸ್ ರೇಟ್" ಎಂದು ಐಪಿ ಆದೇಶದಲ್ಲಿ ಕೊಡುವುದು ಎಂಬಿಪಿಎಸ್‌ನಲ್ಲಿ. ಪಿಎಫ್ ಮೇಲೆ "ಐಪಿ ಲಿಂಕ್ ಶೋ" ಕೊಟ್ಟರೆ ಪ್ರತಿ ವಿಎಫ್ ಸಾಲಿನಲ್ಲಿ ಅದು ಕಾಣುತ್ತದೆ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್‌ನಲ್ಲಿ "ಬ್ಯಾಂಡ್‌ವಿಡ್ತ್" ಒಳಗಿನ ಆವರೇಜ್ ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂಬ ಲೆಕ್ಕ. ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್ಚಿನ "ಇಂಗ್ರೆಸ್ ಪೊಲೀಸಿಂಗ್ ರೇಟ್" ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬುದು. ವಿಎಂ ಓಡಿಸುವ ವೇದಿಕೆಯಾದ ಪ್ರಾಕ್ಸ್‌ಮಾಕ್ಸ್‌ನಲ್ಲಿ ಕಾರ್ಡಿಗೆ ಹಾಕುವ ರೇಟ್ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂಬ ಲೆಕ್ಕದಲ್ಲಿ. ಅಂದರೆ ಹೆಚ್ಚೂಕಡಿಮೆ 1 ಜಿಬಿಪಿಎಸ್ ಎನ್ನಲು ಮೊದಲನೆಯದರಲ್ಲಿ 1000, ಎರಡನೆಯದರಲ್ಲಿ 1,25,000, ಮೂರನೆಯದರಲ್ಲಿ 10,00,000, ನಾಲ್ಕನೆಯದರಲ್ಲಿ 125. ಬಿಟ್ಟಿಗೂ ಬೈಟಿಗೂ ಎಂಟು ಪಟ್ಟು ಅಂತರ, ಅದೊಂದು ಮರೆತರೂ ವರದಿ ಕೆಟ್ಟಿತು. ಎಲ್ಲವನ್ನೂ ಎಂಬಿಪಿಎಸ್‌ಗೆ ಇಳಿಸಿಕೊಂಡೇ ಮುಂದೆ ಹೋಗಿ.

ದಿಕ್ಕನ್ನೂ ಬರೆದಿಟ್ಟುಕೊಳ್ಳಿ. ಮ್ಯಾಕ್ಸ್ ಟಿಎಕ್ಸ್ ರೇಟ್ ತಡೆಯುವುದು ವಿಎಫ್ ಕಳಿಸುವುದನ್ನು ಮಾತ್ರ, ಒಳಗೆ ಬರುವುದಕ್ಕೆ ಅದರಿಂದ ಲಗಾಮಿಲ್ಲ. ಇನ್ನು ಟ್ಯಾಪ್ ವಿಷಯ: ವಿಎಂ ಕಳಿಸಿದ್ದು ಹೋಸ್ಟಿನ ಟ್ಯಾಪ್‌ನಲ್ಲಿ ಬಂದದ್ದಾಗಿ, ಅಂದರೆ ಆರ್‌ಎಕ್ಸ್ ಆಗಿ, ಎಣಿಕೆಯಾಗುತ್ತದೆ. ವಿಎಂ ಒಳಗಿನ ಗ್ರಾಫನ್ನೂ ಹೋಸ್ಟಿನ ಗ್ರಾಫನ್ನೂ ಅಕ್ಕಪಕ್ಕ ಇಟ್ಟಾಗ ಅಪ್‌ಲೋಡ್ ಡೌನ್‌ಲೋಡ್ ಅದಲುಬದಲಾಗಿ ಕಾಣುವುದು ಇದರಿಂದಲೇ.

ಹಂತ 4: ಮೂರು ಕಾಲಮ್ ಮಾಡಿ

ಇಷ್ಟಾದ ಮೇಲೆ ವರದಿಯಲ್ಲೋ ಇನ್ವೆಂಟರಿಯಲ್ಲೋ "ಸ್ಪೀಡ್" ಎಂಬ ಒಂದೇ ಕಾಲಮ್ ಇಡಬೇಡಿ. ಪೋರ್ಟಿನ ವೇಗ ಒಂದು, ಈ ಇಂಟರ್‌ಫೇಸಿನ ಮಿತಿ ಇನ್ನೊಂದು, ಆ ಅಂಕಿ ಎಲ್ಲಿಂದ ಬಂತು ಎನ್ನುವುದು ಮೂರನೆಯದು. ಮೂರನೆಯದರಲ್ಲಿ ಹಾರ್ಡ್‌ವೇರ್, ಸೆಟ್ಟಿಂಗ್, ಡ್ರೈವರ್ ಡಿಫಾಲ್ಟ್ ಎಂಬ ಮೂರೇ ಆಯ್ಕೆ ಸಾಕು. ಮಿತಿ ಇಲ್ಲದಿದ್ದರೆ ಎರಡನೆಯದನ್ನು ಖಾಲಿ ಬಿಡಿ, ಅಲ್ಲಿ ಪೋರ್ಟಿನ ವೇಗ ತುಂಬುವ ಆಸೆ ಬೇಡ. ಜೊತೆಗೆ ಪೋರ್ಟಿನ ಗುರುತನ್ನು ಪ್ರತಿ ಸಾಲಿಗೂ ಹಾಕಿಟ್ಟರೆ, ಒಟ್ಟು ಕೆಪ್ಯಾಸಿಟಿ ಕೂಡಿಸುವಾಗ ಒಂದು ಪೋರ್ಟನ್ನು ಒಂದೇ ಸಲ ಎಣಿಸಬಹುದು.

ಶೇಕಡಾವಾರು ಲೆಕ್ಕಕ್ಕೆ ನಿಯಮ ಹೀಗಿರಲಿ. ಭೌತಿಕ ಪೋರ್ಟಿನ ಟ್ರಾಫಿಕ್ಕನ್ನು ಅದು ಒಪ್ಪಿಕೊಂಡ ವೇಗದಿಂದ ಭಾಗಿಸಿ, ಎರಡು ದಿಕ್ಕಿಗೂ ಬೇರೆ ಬೇರೆ. ಮಿತಿ ಇರುವ ವರ್ಚುವಲ್ ಇಂಟರ್‌ಫೇಸನ್ನು ಅದರ ಮಿತಿಯಿಂದ ಭಾಗಿಸಿ. ಮಿತಿ ಇಲ್ಲದ ಇಂಟರ್‌ಫೇಸಿಗೆ ಶೇಕಡಾ ಲೆಕ್ಕವೇ ಬೇಡ. ಎಷ್ಟು ಎಂಬಿಪಿಎಸ್ ಹರಿಯಿತು ಎಂದಷ್ಟೇ ತೋರಿಸಿ.

ಒಂದು ಲೆಕ್ಕ ನೋಡೋಣ. 10 ಜಿಬಿಪಿಎಸ್ ಪೋರ್ಟಿನ ಮೇಲೆ ನಾಲ್ಕು ವಿಎಫ್. ಮೊದಲನೆಯದಕ್ಕೆ 2000 ಎಂಬಿಪಿಎಸ್ ಮಿತಿ, ಉಳಿದವಕ್ಕೆ ಇಲ್ಲ. ಮೊದಲನೆಯದು 1900 ಕಳಿಸುತ್ತಿದೆ, ಮೂರನೆಯದು 8000 ಕಳಿಸುತ್ತಿದೆ. ವಿಎಫ್ ತೋರಿಸುವ ಸ್ಪೀಡನ್ನೇ ನಂಬಿದರೆ ಮೊದಲನೆಯದು ಶೇ. 19, ಮೂರನೆಯದು ಶೇ. 80, ಗಾಬರಿಪಡುವಂಥದ್ದೇನೂ ಇಲ್ಲ. ನಿಜದಲ್ಲಿ ಮೊದಲನೆಯದು ತನ್ನ ಮಿತಿಯ ಶೇ. 95ರಲ್ಲಿದೆ, ಪೋರ್ಟ್ ಶೇ. 99ರಲ್ಲಿದೆ. ಎರಡು ಮತ್ತು ನಾಲ್ಕನೆಯ ವಿಎಫ್‌ನವರು ಏನೂ ಮಾಡದಿದ್ದರೂ ಅವರ ಅಪ್ಲಿಕೇಶನ್ ನಿಧಾನವಾಗುತ್ತದೆ, ಅವರ ಗ್ರಾಫ್ ಮಾತ್ರ ಸೊನ್ನೆಯ ಹತ್ತಿರವೇ ಮಲಗಿರುತ್ತದೆ.

ಎಚ್ಚರ: ಇಂಟರ್‌ಫೇಸುಗಳ ಟ್ರಾಫಿಕ್ ಕೂಡಿಸಿದರೆ ಪೋರ್ಟಿನ ಟ್ರಾಫಿಕ್ ಸಿಗುತ್ತದೆ ಎಂದುಕೊಳ್ಳಬೇಡಿ. ಒಂದೇ ಹೋಸ್ಟಿನ ಎರಡು ವಿಎಂಗಳು ಮಾತಾಡಿಕೊಂಡರೆ ಆ ಪ್ಯಾಕೆಟ್ ಬ್ರಿಡ್ಜಿನಲ್ಲೇ, ಅಥವಾ ಕಾರ್ಡಿನೊಳಗಿನ ಸ್ವಿಚ್ಚಿನಲ್ಲೇ, ತಿರುಗಿ ಹೋಗುತ್ತದೆ, ಕೇಬಲ್ಲಿಗೆ ಬರುವುದೇ ಇಲ್ಲ. 1 ಜಿಬಿಪಿಎಸ್ ಪೋರ್ಟಿನ ಹೋಸ್ಟಿನಲ್ಲಿ ಎರಡು ವಿಎಂಗಳ ನಡುವೆ ಅದರ ಎಷ್ಟೋ ಪಟ್ಟು ವೇಗ ಬಂದರೆ ಅದು ದೋಷವಲ್ಲ. ಕೇಬಲ್ಲಿನಲ್ಲಿ ನಿಜಕ್ಕೂ ಹೋದದ್ದೆಷ್ಟು ಎಂದು ತಿಳಿಯಲು ಪೋರ್ಟಿನದೇ ಕೌಂಟರ್ ಬೇಕು. ಮೆಲನಾಕ್ಸ್‌ನ ಎಂಎಲ್‌ಎಕ್ಸ್5 ಡ್ರೈವರಿನಲ್ಲಾದರೆ "ಎಥ್‌ಟೂಲ್ ಮೈನಸ್ ಎಸ್" ಕೊಟ್ಟಾಗ ಹೆಸರಿನ ಕೊನೆಗೆ "ಫೈ" ಇರುವ ಬೈಟ್ ಕೌಂಟರುಗಳು ಪೂರ್ತಿ ಪೋರ್ಟಿನವು. ಬೇರೆ ಕಾರ್ಡುಗಳಲ್ಲಿ ಸಿಗದಿದ್ದರೆ ಎದುರಿನ ಸ್ವಿಚ್ ಪೋರ್ಟಿನ ಕೌಂಟರ್ ಓದಿ, ಅದಕ್ಕಿಂತ ನಂಬಿಕೆಯ ಸಾಕ್ಷಿ ಇಲ್ಲ.

ಹಂತ 5: ಸರಿಯಾದ ಅಂಕಿಯನ್ನು ಸರಿಯಾದ ಕಡೆ ಬರೆಯಿರಿ

ವರ್ಟ್‌ಐಒ ಕಾರ್ಡಿಗೆ, ವಿಎಂ ಓಡಿಸುವ ಕ್ಯೂಎಮು ಸಾಫ್ಟ್‌ವೇರಿನಲ್ಲಿ ಡಿವೈಸ್ ಸಾಲಿಗೆ "ಸ್ಪೀಡ್=2000,ಡ್ಯೂಪ್ಲೆಕ್ಸ್=ಫುಲ್" ಎಂದು ಸೇರಿಸಿದರೆ ವಿಎಂ ಒಳಗೆ ಅದೇ ಕಾಣುತ್ತದೆ. ವಿಎಂ ಒಳಗಿನಿಂದಲೇ "ಎಥ್‌ಟೂಲ್ ಮೈನಸ್ ಎಸ್" ಕೊಟ್ಟೂ ಬರೆಯಬಹುದು. ಇಲ್ಲಿ ಎಸ್ ಚಿಕ್ಕ ಅಕ್ಷರ, ಮೇಲೆ ಕೌಂಟರ್ ಓದಲು ಬಳಸಿದ್ದು ದೊಡ್ಡ ಅಕ್ಷರ. ರೀಬೂಟ್ ಆದರೆ ಹೀಗೆ ಒಳಗಿನಿಂದ ಬರೆದದ್ದು ಅಳಿಸಿಹೋಗುತ್ತದೆ, ಹಾಗಾಗಿ ಯೂಡೆವ್ ನಿಯಮವೋ ಸ್ಟಾರ್ಟ್‌ಅಪ್ ಸ್ಕ್ರಿಪ್ಟೋ ಬೇಕು. ಎರಡೂ ಬರೀ ಹೇಳಿಕೆ. 2000 ಎಂದು ಬರೆದ ಮಾತ್ರಕ್ಕೆ ವೇಗ 2000ಕ್ಕೆ ನಿಲ್ಲುವುದಿಲ್ಲ, ಕಡಿವಾಣವನ್ನು ಹಂತ 3ರಲ್ಲಿ ಹೇಳಿದ ಜಾಗದಲ್ಲೇ ಹಾಕಬೇಕು.

ಸಾಧನಗಳ ಅಂಕಿಅಂಶ ಓದುವ ಎಸ್‌ಎನ್‌ಎಂಪಿ ಎಂಬ ವಿಧಾನ ಬಳಸುವವರು 2000ನೇ ಇಸವಿಯ ಆರ್‌ಎಫ್‌ಸಿ 2863 ಎಂಬ ಮಾನದಂಡ ದಾಖಲೆ ಏನು ಹೇಳುತ್ತದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಫ್‌ಸ್ಪೀಡ್ ಎಂಬುದು ಸೆಕೆಂಡಿಗೆ ಇಷ್ಟು ಬಿಟ್ ಎಂಬ ಅಂದಾಜು. ನಿಖರ ಅಂದಾಜು ಸಾಧ್ಯವಿಲ್ಲದ ಕಡೆ ನಾಮಮಾತ್ರದ ಬ್ಯಾಂಡ್‌ವಿಡ್ತ್ ಕೊಡಿ, ಬ್ಯಾಂಡ್‌ವಿಡ್ತ್ ಎಂಬ ಕಲ್ಪನೆಯೇ ಇಲ್ಲದ ಪದರಕ್ಕೆ ಸೊನ್ನೆ ಕೊಡಿ ಎನ್ನುತ್ತದೆ ಅದು. ಇಫ್‌ಸ್ಪೀಡ್ 32 ಬಿಟ್‌ನದು, 4,294,967,295ಕ್ಕೆ ನಿಂತುಬಿಡುತ್ತದೆ. 10 ಜಿಬಿಪಿಎಸ್ ಪೋರ್ಟ್ 4.29 ಜಿಬಿಪಿಎಸ್ ಎಂದು ಎಲ್ಲಾದರೂ ಕಂಡರೆ ಕಾರಣ ಇದು. ಇಫ್‌ಹೈಸ್ಪೀಡ್ ಓದಿ, ಅದು ಎಂಬಿಪಿಎಸ್ ಲೆಕ್ಕದ್ದು. ಕೌಂಟರುಗಳಲ್ಲೂ 64 ಬಿಟ್‌ನವನ್ನೇ ಆರಿಸಿಕೊಳ್ಳಿ, 32 ಬಿಟ್‌ನ ಬೈಟ್ ಕೌಂಟರ್ 10 ಜಿಬಿಪಿಎಸ್‌ನಲ್ಲಿ ಮೂರೂವರೆ ಸೆಕೆಂಡಿನೊಳಗೆ ಸುತ್ತು ಹೊಡೆದು ಸೊನ್ನೆಗೆ ಬರುತ್ತದೆ. ಡ್ರೈವರ್ ತಪ್ಪು ಅಂಕಿ ಕೊಡುತ್ತಿದ್ದರೆ ನೆಟ್-ಎಸ್‌ಎನ್‌ಎಂಪಿಯ ಕಾನ್ಫಿಗ್ ಫೈಲಿನಲ್ಲಿ "ಇಂಟರ್‌ಫೇಸ್" ಎಂದು ಬರೆದು ಹೆಸರು, ಬಗೆ, ಸ್ಪೀಡ್ ಕೊಡಬಹುದು. ಈಥರ್ನೆಟ್‌ಗೆ ಬಗೆ 6, ಸ್ಪೀಡ್ ಬಿಟ್‌ಗಳಲ್ಲಿ, ಅಂದರೆ 1 ಜಿಬಿಪಿಎಸ್‌ಗೆ ಒಂದರ ಮುಂದೆ ಒಂಬತ್ತು ಸೊನ್ನೆ.

ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಬೇರೆಯದೇ ಬಲೆ. ಅದಕ್ಕೆ ಅಂಕಿ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಸ್ಪೀಡನ್ನು ಬೈಟ್‌ನಲ್ಲಿ ಕೊಡುತ್ತದೆ, 1 ಜಿಬಿಪಿಎಸ್‌ಗೆ 125,000,000. ಸ್ಪೀಡ್ ಗೊತ್ತಿಲ್ಲದ ವರ್ಟ್‌ಐಒ ಕಾರ್ಡಿಗೆ ಕರ್ನಲ್ ಮೈನಸ್ 1 ಕೊಡುತ್ತದೆ, ಎಕ್ಸ್‌ಪೋರ್ಟರ್ ಅದನ್ನೂ ಶ್ರದ್ಧೆಯಿಂದ ಗುಣಿಸಿ ಮೈನಸ್ 125,000 ಎಂದು ಬಡಿಸುತ್ತದೆ. ಅದರಿಂದ ಟ್ರಾಫಿಕ್ ಭಾಗಿಸಿದರೆ ಬಳಕೆ ಋಣಸಂಖ್ಯೆ. ಶೇ. 80 ದಾಟಿದರೆ ಎಚ್ಚರಿಸು ಎಂಬ ನಿಯಮಕ್ಕೆ ಅದು ಜನ್ಮದಲ್ಲಿ ಸಿಗುವುದಿಲ್ಲ. ಸ್ಪೀಡ್ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ಷರತ್ತನ್ನು ಕ್ವೆರಿಗೆ ಸೇರಿಸಿ. ಅಮಾನ್ಯ ಸ್ಪೀಡುಗಳನ್ನು ಕೈಬಿಡುವ ಆಯ್ಕೆ ಎಕ್ಸ್‌ಪೋರ್ಟರಿನಲ್ಲೇ ಇದೆ, ಅದನ್ನೂ ಹಾಕಿ.

ಹಂತ 6: ಈ ಅಂಕಿಯನ್ನು ಇನ್ನಾರು ಓದುತ್ತಾರೆ ನೋಡಿ

ಸ್ಪೀಡ್ ತಿದ್ದುವ ಮುಂಚೆ ಇದು ಗೊತ್ತಿರಲಿ, ಗ್ರಾಫ್ ಚಂದ ಮಾಡಲು ಹೋಗಿ ನೆಟ್‌ವರ್ಕಿನ ಹಾದಿಯೇ ಬದಲಾಗಬಹುದು. ಲಿನಕ್ಸ್ ಬ್ರಿಡ್ಜ್ ತನ್ನ ಪೋರ್ಟುಗಳ ಎಸ್‌ಟಿಪಿ (ಸ್ವಿಚ್‌ಗಳ ನಡುವೆ ಸುತ್ತು ಬೀಳದಂತೆ ಹಾದಿ ಆರಿಸುವ ವಿಧಾನ) ವೆಚ್ಚವನ್ನು ಈ ಸ್ಪೀಡ್ ನೋಡಿಯೇ ಇಡುತ್ತದೆ: 10 ಎಂಬಿಪಿಎಸ್‌ಗೆ 100, 100ಕ್ಕೆ 19, 10 ಜಿಬಿಪಿಎಸ್‌ಗೆ 2. ಕರ್ನಲ್ ಅಪ್‌ಡೇಟ್ ಆದಾಗ ಟ್ಯಾಪ್‌ನ ವೆಚ್ಚ 100ರಿಂದ 2ಕ್ಕೆ ಇಳಿಯುತ್ತದೆ ಎಂದಾಯಿತು. ವಿಎಂ ಒಳಗೇ ಎಸ್‌ಟಿಪಿ ಮಾಡುವ ವರ್ಚುವಲ್ ಸ್ವಿಚ್ ಓಡಿಸುತ್ತಿದ್ದರೆ ಇದು ತಮಾಷೆಯ ವಿಷಯವಲ್ಲ. ರೌಟರುಗಳು ಹಾದಿ ಆರಿಸಲು ಬಳಸುವ ಓಎಸ್‌ಪಿಎಫ್ ಕೂಡ ಇಂಟರ್‌ಫೇಸಿನ ಬ್ಯಾಂಡ್‌ವಿಡ್ತ್‌ನಿಂದ ವೆಚ್ಚ ಕಟ್ಟುತ್ತದೆ, ವರ್ಚುವಲ್ ರೌಟರುಗಳಲ್ಲಿ ವೆಚ್ಚವನ್ನು ಕೈಯಾರೆ ಬರೆದುಬಿಡುವುದೇ ವಾಸಿ.

ಬಾಂಡಿಂಗ್‌ನ ಒಂದು ಬಗೆಗಂತೂ ಸ್ಪೀಡ್ ಇಲ್ಲದಿದ್ದರೆ ನಡೆಯುವುದೇ ಇಲ್ಲ. ಹಲವು ಲಿಂಕ್‌ಗಳನ್ನು ಒಟ್ಟಿಗೆ ಬಳಸುವ 802.3ಎಡಿ ಬಾಂಡ್‌ಗೆ ಸದಸ್ಯರ ಸ್ಪೀಡ್, ಡ್ಯೂಪ್ಲೆಕ್ಸ್ ತಿಳಿದಿರಬೇಕು, ವರ್ಟ್‌ಐಒ "ಅನ್‌ನೋನ್" ಎಂದರೆ ಒಟ್ಟುಗೂಡಿಸುವುದಿಲ್ಲ. ವರ್ಟ್‌ಐಒದಲ್ಲಿ ಎಥ್‌ಟೂಲ್ ಮೂಲಕ ಸ್ಪೀಡ್ ಬರೆಯಲು ಅವಕಾಶ ಮಾಡಿದ್ದರ ಹಿಂದೆ ಇದ್ದ ಕಾರಣಗಳಲ್ಲಿ ಇದೂ ಒಂದು. 802.3ಎಡಿ ಬಾಂಡ್ ತನ್ನ ಸ್ಪೀಡನ್ನು ಸಕ್ರಿಯ ಸದಸ್ಯರ ಮೊತ್ತವಾಗಿ ತೋರಿಸುತ್ತದೆ, ಆಕ್ಟಿವ್-ಬ್ಯಾಕಪ್ ಬಾಂಡ್ ಈಗ ಕೆಲಸ ಮಾಡುತ್ತಿರುವ ಒಂದರದನ್ನು ಮಾತ್ರ. ಒಂದೇ ಪೋರ್ಟಿನ ಎರಡು ವಿಎಫ್‌ಗಳನ್ನು 802.3ಎಡಿಯಲ್ಲಿ ಬಾಂಡ್ ಮಾಡಿ 20 ಜಿಬಿಪಿಎಸ್ ಕಂಡು ಖುಷಿಪಡುವವರೂ ಇದ್ದಾರೆ. ಹಂತ 2ರ ಕೆಲಸವನ್ನು ಮೊದಲೇ ಮಾಡಿ ಅಂದದ್ದು ಅದಕ್ಕೇ.

ಹಂತ 7: ಪರೀಕ್ಷೆ

ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಬಳಸಿ ವಿಎಂನಿಂದ ಹೋಸ್ಟಿನ ಹೊರಗಿರುವ ಯಂತ್ರಕ್ಕೆ ಟ್ರಾಫಿಕ್ ಕಳಿಸಿ. ಅದೇ ಹೋಸ್ಟಿನ ಇನ್ನೊಂದು ವಿಎಂಗೆ ಕಳಿಸಿದರೆ ಪೋರ್ಟ್ ಪರೀಕ್ಷೆಯಾಗುವುದಿಲ್ಲ, ಕಾರಣ ಮೇಲೆ ಇದೆ. ಎರಡೂ ದಿಕ್ಕಿನಲ್ಲಿ ಓಡಿಸಿ, ಮಿತಿ ಒಂದೇ ದಿಕ್ಕಿಗೆ ಹಾಕಿದ್ದು ಇಲ್ಲೇ ಬಯಲಾಗುತ್ತದೆ. ಅದೇ ಹೊತ್ತಿಗೆ ಹೋಸ್ಟಿನಲ್ಲಿ "ಟಿಸಿ ಮೈನಸ್ ಎಸ್ ಕ್ಯೂಡಿಸ್ಕ್ ಶೋ" ಕೊಟ್ಟು ಡ್ರಾಪ್ ಎಣಿಕೆ ಏರುತ್ತಿದೆಯೇ ನೋಡಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ. ಪ್ರೊಡಕ್ಷನ್ ಅಲ್ಲದ ಒಂದು ಹೋಸ್ಟ್ ಆರಿಸಿ, 10ಜಿಬೇಸ್-ಟಿ ತಾಮ್ರದ ಪೋರ್ಟ್ ಇರುವಂಥದ್ದು. ಸ್ವಿಚ್ ಕಡೆಯಿಂದ ಪೋರ್ಟನ್ನು 1 ಜಿಬಿಪಿಎಸ್‌ಗೆ ಇಳಿಸಿ ವರದಿಯನ್ನು ಮತ್ತೆ ತೆರೆಯಿರಿ. ಪಿಎಫ್, ವಿಲ್ಯಾನ್, ಮ್ಯಾಕ್‌ವಿಲ್ಯಾನ್‌ಗಳ ಸ್ಪೀಡ್ 1000ಕ್ಕೆ ಇಳಿಯಬೇಕು, ವಿಎಫ್‌ಗಳದೂ ಸಾಮಾನ್ಯವಾಗಿ ಇಳಿಯುತ್ತದೆ. ವೆಥ್, ವಿಎಂಎಕ್ಸ್‌ನೆಟ್3, ನೀವು ಕ್ಯೂಎಮುನಲ್ಲಿ ಕೈಯಾರೆ ಬರೆದ ಅಂಕಿ, ಇವು ಅಲ್ಲಾಡುವುದಿಲ್ಲ. ಅಲ್ಲಾಡದ ಪ್ರತಿ ಸಾಲಿನ ಮೂರನೇ ಕಾಲಮ್ಮಿನಲ್ಲಿ ಸೆಟ್ಟಿಂಗ್ ಅಥವಾ ಡ್ರೈವರ್ ಡಿಫಾಲ್ಟ್ ಎಂದಿದೆಯೇ ಎಂದು ಪರಿಶೀಲಿಸಿ. ಹಾರ್ಡ್‌ವೇರ್ ಎಂದಿದ್ದರೆ ಹಂತ 1ಕ್ಕೆ ಹೋಗಿ ಆ ಡ್ರೈವರನ್ನು ಮತ್ತೊಮ್ಮೆ ನೋಡಿ. ಮುಗಿದ ಮೇಲೆ ಪೋರ್ಟನ್ನು ಮತ್ತೆ ಆಟೋ ನೆಗೋಶಿಯೇಷನ್‌ಗೆ ಬಿಡುವುದನ್ನು ಮರೆಯಬೇಡಿ.